ಕಂದಾಯ ಕಟ್ಟಪ್ಪ

ನಮ್ಮ ಅಡುಗೆಮನೆಗೂ ದೇವರ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಒಂದು ತಂತಿ. ತಂತಿಯ ತುದಿ ಮೀನಿನ ಗಾಳದ ಹಾಗೆ ಬಾಗಿದೆ, ಬುಡದಲ್ಲೊಂದು ಮರದ ಬಿಲ್ಲೆ. ಅದಕ್ಕೆ ಚುಚ್ಚಿಕೊಂಡಿರುವುದು ಮನೆ ಕಂದಾಯದ ರಸೀದಿಗಳು. ತಳದಲ್ಲಿ ಅಪ್ಪ ಕಟ್ಟಿದವು, ಮೇಲೆ ನಾನು ಕಟ್ಟಿದವು. ಕಾಗದದಲ್ಲಿ ಅದಕ್ಕೆ ಆಸ್ತಿ ತೆರಿಗೆ ಎಂಬ ದೊಡ್ಡ ಹೆಸರಿದೆ. ಆದರೆ ನಮ್ಮ ಬೀದಿಯಲ್ಲಿ ಆ ಹೆಸರಿಗೆ ಚಲಾವಣೆಯಿಲ್ಲ. ತೆರಿಗೆ ಎಂದರೆ ದೊಡ್ಡವರು ತಪ್ಪಿಸಿಕೊಳ್ಳುವಂಥದ್ದು, ಕಂದಾಯ ಎಂದರೆ ನಾವು ಕಟ್ಟುವಂಥದ್ದು.

ತಂತಿಯಿಂದ ಯಾವ ರಸೀದಿಯನ್ನು ಬೇಕಾದರೂ ತೆಗೆದು ನೋಡಿ, ರಿಯಾಯಿತಿ ಎಂಬ ಕಲಮಿನ ಮುಂದೆ ಏನಾದರೊಂದು ಮೊತ್ತ ಇದ್ದೇ ಇರುತ್ತದೆ. 2017ರದೊಂದು ಮಾತ್ರ ಬೇರೆ. ಅಲ್ಲಿ ಸೊನ್ನೆ ಇದೆ. ಬರೀ ಸೊನ್ನೆಯೂ ಅಲ್ಲ, 0.00. ಒಂದು ಸೊನ್ನೆ ಸಾಲದೆಂದು ಕಂಪ್ಯೂಟರ್ ಮೂರು ಹಾಕಿದೆ.

ಕಂದಾಯದ ಕಟ್ಟುಪಾಡು ಗೊತ್ತಿಲ್ಲದವರಿಗೆ, ಅಂದರೆ ಬಾಡಿಗೆ ಮನೆಯ ಪುಣ್ಯವಂತರಿಗೆ, ಎರಡು ಮಾತು ಹೇಳಬೇಕು. ನಮ್ಮ ರಾಜ್ಯದ ಊರುಗಳಲ್ಲಿ ವರ್ಷದ ಕಂದಾಯವನ್ನು ಏಪ್ರಿಲ್ ತಿಂಗಳೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಶೇ 5ರಷ್ಟು ಬಿಡುತ್ತಾರೆ. ಮೇ, ಜೂನ್‌ನಲ್ಲಿ ಕಟ್ಟಿದರೆ ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ. ಜುಲೈ ಬಂತೋ, ತಿಂಗಳಿಗೆ ಶೇ 2ರಂತೆ ದಂಡ. ಹಾಗಾಗಿ ಏಪ್ರಿಲ್‌ನಲ್ಲಿ ಕಟ್ಟಿದವನು ಜಾಣ, ಮೇನಲ್ಲಿ ಕಟ್ಟಿದವನು ಸಾಧಾರಣ ಮನುಷ್ಯ, ಜೂನ್ ದಾಟಿಸಿದವನು ಪಾಪಿ. ಹುಟ್ಟಿದ ಊರಿನಲ್ಲಿ ಸಾಧಾರಣ ಮನುಷ್ಯ ಎನ್ನಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನಗೆ ಆ ವರ್ಷ ತಿಳಿಯಿತು. ಊರಿನ ಹೆಸರು ಹೇಳುವುದಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ನಾನು ಅದೇ ಕಿಟಕಿಗೆ ಹೋಗಬೇಕು.

ಅಪ್ಪನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಬಿಲ್ ಕಲೆಕ್ಟರ್ ಮನೆಗೇ ಬರುತ್ತಿದ್ದರು. ಜಗಲಿಯ ಮೇಲೆ ಕೂತು, ಕಂಕುಳಲ್ಲಿದ್ದ ಉದ್ದನೆಯ ರಿಜಿಸ್ಟರ್ ಬಿಡಿಸಿ, ಕಾರ್ಬನ್ ಹಾಳೆ ಸರಿಪಡಿಸಿಕೊಂಡು, ಅಮ್ಮ ಕೊಟ್ಟ ಕಾಫಿ ಮುಗಿಸಿ ರಸೀದಿ ಹರಿದು ಕೊಡುತ್ತಿದ್ದರು. ಆ ಕಾಫಿ ಲೋಟದ ಗುಂಡು ಗುರುತಿರುವ ಒಂದು ರಸೀದಿ ಈಗಲೂ ತಂತಿಯಲ್ಲಿದೆ. 2002ರ ಹೊತ್ತಿಗೆ ಸ್ವಯಂ ಘೋಷಣೆ ಬಂತು. ನಿಮ್ಮ ಮನೆಯನ್ನು ನೀವೇ ಅಳೆಯಿರಿ, ಸಬ್ ರಿಜಿಸ್ಟ್ರಾರ್ ಆಫೀಸಿನ ದರ ನೋಡಿಕೊಂಡು ನೀವೇ ಬೆಲೆ ಹಾಕಿ, ಮನೆಗೆ ಎಷ್ಟು ವಯಸ್ಸಾಯಿತೋ ಅಷ್ಟು ಸವಕಳಿ ಕಳೆಯಿರಿ, ಬಂದ ಮೊತ್ತಕ್ಕೆ ನೀವೇ ತೆರಿಗೆ ಹಾಕಿಕೊಂಡು ನೀವೇ ಹೋಗಿ ಕಟ್ಟಿ ಎಂದರು. ತಪ್ಪು ಮಾಡಿದ ಹುಡುಗನಿಗೆ ಮೇಷ್ಟರು, ಬಸ್ಕಿ ಹೊಡೆ, ಎಷ್ಟಾಯ್ತು ಅಂತ ನೀನೇ ಎಣಿಸಿಕೋ ಎಂದ ಹಾಗೆ. ಸವಕಳಿಯ ಕಲಮು ಮಾತ್ರ ನನಗೆ ಇಷ್ಟ. ಹಳೆಯದಾಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಯಾವುದಕ್ಕಾದರೂ ರಿಯಾಯಿತಿ ಸಿಗುವುದಿದ್ದರೆ ಅದು ಗೋಡೆಗಳಿಗೆ, ನನಗಲ್ಲ.

ತೆರಿಗೆಯ ಬೆನ್ನಿಗೇ ಉಪಕರಗಳು. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರಿಗೆ ಶೇ 3. ಭಿಕ್ಷುಕರ ಕರ ಎಂದರೆ ಭಿಕ್ಷುಕರಿಂದ ವಸೂಲು ಮಾಡುವುದು ಎಂದು ನಾನು ಬಹಳ ಕಾಲ ತಿಳಿದಿದ್ದೆ, ಇವರ ಕೈಲಿ ಏನು ತಾನೇ ಆಗದು ಎಂದು ಬೆರಗಾಗಿದ್ದೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು, ಅವರ ಆಶ್ರಯದ ಖರ್ಚಿಗೆ ನಾವು ಕೊಡುವ ಪಾಲು. ಗ್ರಂಥಾಲಯದ ಕರಕ್ಕೆ ಇನ್ನೂ ಹತ್ತು ವರ್ಷ ಹೆಚ್ಚು ವಯಸ್ಸು, ಅದು 1965ರ ಕಾಯ್ದೆಯದು. ಊರಿನ ಗ್ರಂಥಾಲಯದಲ್ಲಿ ಪತ್ರಿಕೆ ಓದುತ್ತ ನಿದ್ದೆ ಹೋದಾಗ ಯಾರಾದರೂ ಎಬ್ಬಿಸಲು ಬಂದರೆ, ಶೇ 6 ಕಟ್ಟಿದ್ದೇನಪ್ಪಾ ಎನ್ನುವ ಧೈರ್ಯ ನನಗಿದೆ.

ಇದೆಲ್ಲ ಸೇರಿ 2017ರಲ್ಲಿ ನಮ್ಮ ಮನೆಗೆ ಬಂದ ಲೆಕ್ಕ 3,640 ರೂಪಾಯಿ. ಅದರಲ್ಲಿ ಶೇ 5 ಎಂದರೆ 182. ನೂರ ಎಂಬತ್ತೆರಡು ರೂಪಾಯಿಗೆ ಇಷ್ಟು ದೊಡ್ಡ ಕಥೆಯೇ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ರಿಯಾಯಿತಿಯನ್ನು ದುಡ್ಡು ಎಂದು ತಿಳಿದಿದ್ದೀರಿ. ತರಕಾರಿಯವಳು ಕೊಸರಿಗೆ ಹಾಕುವ ನಾಲ್ಕು ಎಸಳು ಕರಿಬೇವಿಗೆ ಬೆಲೆ ಎಷ್ಟು? ಅದನ್ನು ಹಾಕದೆ ಚೀಲ ಕೈಗಿತ್ತರೆ ದಾರಿಯುದ್ದಕ್ಕೂ ಏನೋ ಕಳಕೊಂಡ ಹಾಗಿರುತ್ತದಲ್ಲ, ಇದೂ ಹಾಗೆಯೇ. ಸರ್ಕಾರ ನಮಗೆ ಹಾಕುವ ಕೊಸರು ಇದೊಂದೇ.

ಮೇಲಾಗಿ ನಾನು ಬ್ಯಾಂಕಿನವನು. ಮೂವತ್ತು ವರ್ಷ ಕ್ಯಾಶ್ ಕಿಟಕಿಯ ಒಳಗಡೆ ಕೂತು ನಿವೃತ್ತನಾದವನು. ತಡವಾಗಿ ಬಂದವರು ಕಿಟಕಿಯ ಸರಳು ಹಿಡಿದುಕೊಂಡು ಹೇಳುವ ಕಾರಣಗಳನ್ನೆಲ್ಲ ನಾನು ಕೇಳಿದ್ದೇನೆ. ಬಸ್ಸು ಕೆಟ್ಟಿತು, ಹಸು ಕರು ಹಾಕಿತು, ಅತ್ತೆ ಹೋಗಿಬಿಟ್ಟರು. ಒಬ್ಬರ ಅತ್ತೆ ಮೂರು ವರ್ಷದಲ್ಲಿ ಎರಡು ಸಲ ಹೋಗಿದ್ದರು. ಅವರಿಗೆಲ್ಲ ಉತ್ತರವಾಗಿ ನಾನು ಒಂದು ಮರದ ಹಲಗೆ ಬರೆಸಿದ್ದೆ. ‘ನಗದು ವ್ಯವಹಾರ ಮುಗಿದಿದೆ’ ಎಂದು. ಬರೆದವನು ನಗದು ಎಂಬುದನ್ನೇ ದೊಡ್ಡದಾಗಿ ಬರೆದುಬಿಟ್ಟು, ಕೊನೆಗೆ ಜಾಗ ಸಾಲದೆ ಮುಗಿದಿದೆ ಎಂಬುದನ್ನು ಇರುವೆ ಸಾಲಿನ ಹಾಗೆ ಮೂಲೆಯಲ್ಲಿ ತುರುಕಿದ್ದ. ದೂರದಿಂದ ನೋಡಿದವರಿಗೆ ನಗದು ವ್ಯವಹಾರ ಇನ್ನೂ ಇದೆ ಅನ್ನಿಸುತ್ತಿತ್ತು. ಹತ್ತಿರ ಬಂದ ಮೇಲೆ ಮುಗಿಯುತ್ತಿತ್ತು.

ಇಂಥವನು ತಡ ಮಾಡಿದ್ದು ಹೇಗೆ? ಅದಕ್ಕೆ ಹಿಂದಿನ ವರ್ಷವೇ ಬೀಜ ಬಿದ್ದಿತ್ತು. 2016ರಲ್ಲಿ ನಾನು ಏಪ್ರಿಲ್ ಮೊದಲ ವಾರವೇ ಕಂದಾಯ ಕಟ್ಟಿ, ರಸೀದಿಯನ್ನು ಎದುರುಮನೆ ರಾಯರಿಗೆ ಕಾಣುವ ಹಾಗೆ ಕೈಯಲ್ಲೇ ಹಿಡಿದುಕೊಂಡು ಬೀದಿಯಲ್ಲಿ ಬಂದಿದ್ದೆ. ರಾಯರು ಮೂರು ವರ್ಷದ ಬಾಕಿದಾರರು. ಆ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ನಾವೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತಿರುವಾಗ ಸುದ್ದಿ ಬಂತು, ಊರಿನ ಕಂದಾಯವನ್ನು ಹಳೆ ನೋಟಿನಲ್ಲೇ ಕಟ್ಟಬಹುದು ಎಂದು. ರಾಯರು ಮೂರು ವರ್ಷದ ಬಾಕಿ, ದಂಡ ಎಲ್ಲವನ್ನೂ ಬೀರುವಿನ ಹಳೆ ನೋಟುಗಳಲ್ಲಿ ತೀರಿಸಿ, ಸಂಜೆ ಗಾಳಿ ಸೇವನೆಗೆ ಹೊರಟರು. ನಾನು 4,000 ರೂಪಾಯಿ ಬದಲಾಯಿಸಲು ನಾನೇ ಕೆಲಸ ಮಾಡಿದ್ದ ಬ್ಯಾಂಕಿನ ಮುಂದೆ ಎರಡೂವರೆ ಗಂಟೆ ನಿಂತಿದ್ದೆ. ‘ಕಟ್ಟೋದಕ್ಕೂ ಒಂದು ಕಾಲ ಬರಬೇಕು ಕಣ್ರೀ’ ಎಂದರು ರಾಯರು. ಆ ಮಾತು ಮನಸ್ಸಿನಲ್ಲಿ ಎಲ್ಲೋ ಬೇರು ಬಿಟ್ಟಿತೆಂದು ಕಾಣುತ್ತದೆ. 2017ರಲ್ಲಿ ಆತುರ ಬೇಡ, ಏಪ್ರಿಲ್ ಪೂರ್ತಿ ಇದೆಯಲ್ಲ ಎಂದುಕೊಂಡೆ.

ಫಾರಂ ತುಂಬಿ, ಬ್ಯಾಂಕಿನಲ್ಲಿ ಕಟ್ಟಲು ಚಲನ್ ಬರೆದು ಫ್ರಿಜ್ಜಿನ ಮೇಲೆ ಇಟ್ಟೆ. ಗಾಳಿಗೆ ಹಾರದಿರಲೆಂದು ಉಪ್ಪಿನಕಾಯಿ ಜಾಡಿಯನ್ನು ಹೇರಿದೆ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಜಾಗ. ಹತ್ತು ಸಲ ಕಣ್ಣಿಗೆ ಬಿದ್ದದ್ದು ಹನ್ನೊಂದನೆಯ ಸಲ ಗೋಡೆಯ ಹಾಗೆ ಕಾಣುತ್ತದೆ. 14ರಂದು ಹೊರಟೆ. ಅಂದು ಅಂಬೇಡ್ಕರ್ ಜಯಂತಿ, ಅಂದೇ ಗುಡ್ ಫ್ರೈಡೇ. ಎರಡು ರಜೆ ಒಂದೇ ದಿನಕ್ಕೆ ಬಿದ್ದು ನೌಕರರೆಲ್ಲ ಒಂದು ರಜೆ ನಷ್ಟವಾಯಿತೆಂದು ಕೊರಗುತ್ತಿದ್ದ ವರ್ಷ ಅದು. ಮುಂದಿನ ವಾರ ಮಂಡಿನೋವು. ಅದರ ಮುಂದಿನ ವಾರ ಮಾವಿನಕಾಯಿ ಬಂತು. ಮಾವಿನಕಾಯಿ ಬಂದ ಮೇಲೆ ನಮ್ಮ ಮನೆಯಲ್ಲಿ ಗಂಡಸರು ಹೊರಗೆ ಹೋಗುವುದು ಉಪ್ಪು ತರಲು ಮಾತ್ರ.

ಕೊನೆಗೆ 28, ಶುಕ್ರವಾರ ಎಂದು ಗಟ್ಟಿ ಮಾಡಿದೆ. ಕ್ಯಾಲೆಂಡರ್ ನೋಡುವ ಅಭ್ಯಾಸ ಇರುವವರಿಗೆ ಆ ವಾರದ ರುಚಿ ಗೊತ್ತಾಗುತ್ತದೆ. 29 ಶನಿವಾರ. ಐದನೆಯ ಶನಿವಾರವಾದ್ದರಿಂದ ಬ್ಯಾಂಕು ತೆರೆದಿರಬೇಕಿತ್ತು, ಆದರೆ ಅಂದು ಬಸವ ಜಯಂತಿ. 30 ಭಾನುವಾರ. ಸೋಮವಾರ ಮೇ 1, ಕಾರ್ಮಿಕರ ದಿನ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಬಸವಣ್ಣನವರ ಹುಟ್ಟಿದ ಹಬ್ಬಕ್ಕೆ ಊರಿನ ಭಂಡಾರಕ್ಕೆ ಬೀಗ! ನನಗೆ ಉಳಿದಿದ್ದದ್ದು ಒಂದೇ ಒಂದು ಶುಕ್ರವಾರ.

ಆ ಶುಕ್ರವಾರ ಇಡೀ ದೇಶಕ್ಕೆ ಬೇರೆ ಕೆಲಸವಿತ್ತು. 2015ರ ಜುಲೈನಲ್ಲಿ ಕಟ್ಟಪ್ಪ ಬಾಹುಬಲಿಯ ಬೆನ್ನಿಗೆ ಕತ್ತಿ ಇರಿದದ್ದು ಯಾಕೆ ಎಂದು ಜನ ಸುಮಾರು ಎರಡು ವರ್ಷ ಕೇಳಿಕೊಂಡು ಕೂತಿದ್ದರು. ಉತ್ತರ ಬಿಡುಗಡೆಯಾದದ್ದು 2017ರ ಏಪ್ರಿಲ್ 28ರಂದು. ಗುರುವಾರ ರಾತ್ರಿ ಬೆಂಗಳೂರಿಂದ ಮಗ, ಸೊಸೆ, ಮೊಮ್ಮಗ ಬಂದಿಳಿದರು. ಸಾಲು ರಜೆ ನೋಡಿಕೊಂಡೇ ಬಂದದ್ದು. ‘ಅಪ್ಪ, ನಾಳೆ ಬೆಳಗಿನ ಆಟಕ್ಕೆ ಐದು ಟಿಕೆಟ್ ಹೇಳಿಟ್ಟಿದೀನಿ’ ಎಂದ ಮಗ.

‘ನಾಳೆ ಕಂದಾಯ ಇದೆಯಲ್ಲೋ’ ಎಂದೆ.

‘ಆಟ ಬಿಡೋದು ಎರಡು ಗಂಟೆಗೆ. ಅಲ್ಲಿಂದ ನಿಮ್ಮ ಬ್ಯಾಂಕು ಎರಡು ಹೆಜ್ಜೆ. ಮೂರೂವರೆವರೆಗೆ ಕ್ಯಾಶ್ ತಗೋತಾರೆ ಅಂತ ನೀವೇ ಹೇಳ್ತಿದ್ರಿ.’

ಲೆಕ್ಕ ಸರಿಯಾಗಿಯೇ ಇತ್ತು. ಚಲನ್ ಅನ್ನು ಮಡಿಸಿ ಜುಬ್ಬಾದ ಜೇಬಿಗೆ ಇಟ್ಟುಕೊಂಡೇ ಚಿತ್ರಮಂದಿರಕ್ಕೆ ಹೋದೆ. ಲೆಕ್ಕದಲ್ಲಿ ಇಲ್ಲದ್ದು ಏನೆಂದರೆ, ಮೊದಲ ದಿನದ ಮೊದಲ ಆಟ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ. ಕಟೌಟಿಗೆ ಹಾರ, ಹಾರಕ್ಕೆ ಹಾಲು, ಹಾಲಿಗೆ ಪಟಾಕಿ. ಒಳಗೆ ಹೋದ ಮೇಲೂ ನಾಯಕನ ಮುಖ ಕಂಡಾಗಲೆಲ್ಲ ಕಾಗದದ ಚೂರು ತೂರಿ, ಶಿಳ್ಳೆ ಹೊಡೆದು, ಪರದೆ ಕಾಣದ ಹಾಗೆ ಎದ್ದು ನಿಂತರು. ಎರಡೂ ಮುಕ್ಕಾಲು ಗಂಟೆಯ ಚಿತ್ರ, ತೆಲುಗಿನಲ್ಲಿ. ಕಟ್ಟಪ್ಪನ ಕಾರಣ ಗೊತ್ತಾಗುವ ಹೊತ್ತಿಗೆ ನಾನು ನಿದ್ದೆ ಹೋಗಿದ್ದೆ. ಎದ್ದಾಗ ಬಾಹುಬಲಿ ಆಗಲೇ ಸತ್ತಿದ್ದ. ಯಾಕೆ ಎಂದು ಪಕ್ಕದಲ್ಲಿದ್ದ ಮೊಮ್ಮಗನನ್ನು ಕೇಳಿದೆ. ‘ಅಜ್ಜಿ ಹೇಳಿದ್ದಕ್ಕೆ’ ಎಂದ ಅವನು. ಇದಕ್ಕಿಂತ ಚೆನ್ನಾಗಿ ಆ ಕಥೆಯನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹೊರಗೆ ಬಂದಾಗ ಮೂರು ಗಂಟೆ. ಆಗಲೂ ಕಾಲ ಮಿಂಚಿರಲಿಲ್ಲ. ಆದರೆ ಎದುರಿಗೆ ಹೋಟೆಲು, ಮೊಮ್ಮಗನಿಗೆ ಹಸಿವು, ನನಗೆ ಮಸಾಲೆದೋಸೆಯ ವಾಸನೆ. ದೋಸೆ ತಿಂದು, ಅರ್ಧ ಕಾಫಿ ಕುಡಿದು ಗಡಿಯಾರ ನೋಡಿದಾಗ ಮೂರೂವರೆಗೆ ಐದು ನಿಮಿಷ. ಉಳಿದರ್ಧ ಕಾಫಿ ಬಿಟ್ಟು ಓಡಿದೆ. ಆ ಮಂಡಿಯಲ್ಲಿ ಓಡಿದೆ ಎನ್ನುವುದು ಬರವಣಿಗೆಯ ಅನುಕೂಲಕ್ಕೆ. ಬ್ಯಾಂಕಿನ ಬಾಗಿಲು ದಾಟಿ ನೋಡಿದರೆ ಕಿಟಕಿಯಲ್ಲಿ ನನ್ನದೇ ಹಲಗೆ. ನಗದು ಎಂಬುದು ದೊಡ್ಡದಾಗಿ ಕಾಣುತ್ತಿತ್ತು. ಹತ್ತಿರ ಹೋದೆ.

ಒಳಗಿದ್ದ ಹುಡುಗ ನನ್ನ ನಿವೃತ್ತಿಯ ಮೇಲೆ ಬಂದವನು. ಎದ್ದು ನಿಂತು ನಮಸ್ಕಾರ ಮಾಡಿದ. ಗೌರವದಲ್ಲಿ ಕೊರತೆಯಿಲ್ಲ. ‘ಕ್ಯಾಶ್ ಟ್ಯಾಲಿ ಆಗೋಯ್ತು ಸಾರ್. ಈಗ ತಗೊಂಡ್ರೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೋಮವಾರ ಬನ್ನಿ ಸಾರ್... ಅಲ್ಲಲ್ಲ, ಸೋಮವಾರ ಮೇ ಡೇ. ಮಂಗಳವಾರ ಬನ್ನಿ.’ ಮೂವತ್ತು ವರ್ಷ ಕೇಳಿಸಿಕೊಂಡಿದ್ದ ಕಾರಣಗಳೆಲ್ಲ ನಾಲಿಗೆಯ ತುದಿಗೆ ಬಂದವು. ನಮ್ಮ ಅತ್ತೆ ತೀರಿಕೊಂಡದ್ದು ಅವನಿಗೂ ಗೊತ್ತಿತ್ತು, ಊಟಕ್ಕೆ ಬಂದಿದ್ದ. ಸುಮ್ಮನೆ ತಿರುಗಿದೆ.

ಇನ್ನೊಂದು ಸಂಕಟ ಇದೆ. ಆ ಶುಕ್ರವಾರ ಕರ್ನಾಟಕ ಬಂದ್ ಆಗಬೇಕಿತ್ತು. ಕಟ್ಟಪ್ಪನ ಪಾತ್ರ ಮಾಡಿದ ಸತ್ಯರಾಜ್ ಹಿಂದೆ ಕಾವೇರಿ ಗಲಾಟೆಯ ಹೊತ್ತಿನಲ್ಲಿ ಆಡಿದ್ದ ಮಾತಿಗೆ ಕನ್ನಡ ಸಂಘಟನೆಗಳು ಸಿಟ್ಟಾಗಿ, ಚಿತ್ರ ಬಿಡುಗಡೆ ಮಾಡಗೊಡುವುದಿಲ್ಲ, 28ಕ್ಕೆ ಬಂದ್ ಎಂದಿದ್ದವು. ಒಂದು ವಾರದ ಮುಂಚೆ ಅವರು ವಿಷಾದ ಹೇಳಿದರು, ಬಂದ್ ಹಿಂದಕ್ಕೆ ಹೋಯಿತು. ಬಂದ್ ನಡೆದಿದ್ದರೆ ಚಿತ್ರಮಂದಿರವೂ ಇರುತ್ತಿರಲಿಲ್ಲ, ಬ್ಯಾಂಕೂ ಇರುತ್ತಿರಲಿಲ್ಲ. 182 ರೂಪಾಯಿ ಆಗಲೂ ಹೋಗುತ್ತಿತ್ತು, ಆದರೆ ಯಾರನ್ನಾದರೂ ಬೈದುಕೊಂಡು ಹಾಯಾಗಿರಬಹುದಿತ್ತು.

ಮೂರು ದಿನ ಮನೆಯಲ್ಲಿ ನಾನು ಮಾತಾಡಲಿಲ್ಲ. ಮಾತಾಡಿದವಳು ನನ್ನಾಕೆ. ಮೊದಲ ದಿನ, ‘ಭಿಕ್ಷುಕರಿಗೆ ಅಂತ ನಮ್ಮ ಹತ್ರ ಶೇಕಡಾ ಮೂರು ತಗೋತಾರೆ, ನಿಮಗೆ ಐದು ಕೊಡ್ತೀವಿ ಅಂದ್ರೂ ಬೇಡ ಅಂದ್ರಿ’ ಎಂದಳು. ಎರಡನೆಯ ದಿನ ಉಪ್ಪಿನಕಾಯಿ ಜಾಡಿ ಎತ್ತಿ ಒರೆಸುತ್ತ ಏನೂ ಹೇಳದೆ ನಕ್ಕಳು. ಅದು ಇನ್ನೂ ಕಷ್ಟ. ಮೂರನೆಯ ದಿನ ಮಗ ಹೊರಡುವ ಹೊತ್ತಿಗೆ, ಎಲ್ಲರ ಎದುರಿಗೆ, ಮಾವಿನಕಾಯಿ ಹೆಚ್ಚುತ್ತ ಹೇಳಿದಳು: ‘ಎರಡು ವರ್ಷದಿಂದ ಊರಿಗೆ ಊರೇ ಕಟ್ಟಪ್ಪಾ ಕಟ್ಟಪ್ಪಾ ಅಂತ ಬಾಯಿ ಬಡ್ಕೊಳ್ತಿತ್ತು. ಈ ಮಹಾರಾಯರಿಗೆ ಮಾತ್ರ ಕೇಳಿಸಲಿಲ್ಲ.’

ಮಂಗಳವಾರ ಕಚೇರಿಗೇ ಹೋದೆ. ವಾದಕ್ಕೆ ಸಿದ್ಧನಾಗಿಯೇ ಹೋದೆ. ಕೊನೆಯ ದಿನ ಕಚೇರಿಗೆ ರಜೆ ಬಿದ್ದರೆ ಮತ್ತೆ ತೆರೆದ ದಿನ ಮಾಡಿದ್ದನ್ನು ಸಕಾಲಕ್ಕೆ ಮಾಡಿದ್ದೆಂದೇ ಹಿಡಿಯಬೇಕು ಎಂಬ ಮಾತು 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿದೆ. ಇಂಥವನ್ನೆಲ್ಲ ನಾನು ಬ್ಯಾಂಕಿನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಿಟಕಿಯ ಹಿಂದಿನ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಮಾನಿಟರನ್ನು ನನ್ನ ಕಡೆಗೆ ತಿರುಗಿಸಿ, ‘ನೀವೇ ಹೇಳಿ ಸಾರ್ ಇದಕ್ಕೆ. ನಾನು ಹೇಳಿದ್ರೆ ಕೇಳಲ್ಲ’ ಎಂದಳು. ರಿಯಾಯಿತಿಯ ಚೌಕ ಬೂದು ಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ. ಅವಳ ಮುಂದೆ ನಿಂತಾಗಲೇ ಇನ್ನೊಂದು ಕಾಯ್ದೆಯೂ ನೆನಪಾಯಿತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಹುಂಡಿಯ ವಾಯಿದೆ ರಜಾದಿನ ಮುಗಿಯುವುದಾದರೆ ಹಣ ಸಲ್ಲಬೇಕಾದ್ದು ಅದರ ಹಿಂದಿನ ಕೆಲಸದ ದಿನ ಎನ್ನುತ್ತದೆ ಅದು. ಹಿಂದಿನ ಕೆಲಸದ ದಿನ ಎಂದರೆ ಶುಕ್ರವಾರ. ಶುಕ್ರವಾರ ಎಂದರೆ ಮಸಾಲೆದೋಸೆ. ಬಾಯಿ ಮುಚ್ಚಿಕೊಂಡು ಪೂರ್ತಿ 3,640 ಕಟ್ಟಿದೆ. ಆಟೋಗೆ ಹೋಗಿ ಬರಲು 80 ರೂಪಾಯಿ. ರಾಯರು ಗೇಟಿನಲ್ಲೇ ನಿಂತಿದ್ದರು. ರಸೀದಿಯನ್ನು ಜೇಬಿನಿಂದ ತೆಗೆಯಲಿಲ್ಲ.

ಅಲ್ಲಿಂದೀಚೆಗೆ ನಾನು ಏಪ್ರಿಲ್‌ಗೆ ಹೆದರುವವನಾದೆ. ಹೆದರಿದವನಿಗೂ ಕಾಲ ಕೂಡಿಬರುವುದಿಲ್ಲ. ಒಂದು ವರ್ಷ ಏಪ್ರಿಲ್ 1ಕ್ಕೇ ಹೋಗಿ ನಿಂತರೆ, ಹೊಸ ದರ ಇನ್ನೂ ಕಂಪ್ಯೂಟರಿಗೆ ಏರಿಲ್ಲ, ಹತ್ತು ದಿನ ಬಿಟ್ಟು ಬನ್ನಿ ಎಂದರು. 2020ರಲ್ಲಿ ಲಾಕ್‌ಡೌನ್. ಬೀದಿಗೆ ಇಳಿದರೆ ಪೊಲೀಸರ ಲಾಠಿ. ಮಗ ಬೆಂಗಳೂರಿನಿಂದ ಫೋನಿನಲ್ಲೇ ಹೇಳಿಕೊಡುತ್ತಾ, ನಾನು ಹತ್ತು ಸಲ ಓಟಿಪಿ ತಪ್ಪು ಒತ್ತುತ್ತಾ, ಮನೆಯವರೆಲ್ಲ ಮಲಗಿದ ಮೇಲೆ ಅಂತೂ ಆನ್‌ಲೈನಿನಲ್ಲಿ ಕಟ್ಟಿದೆ. ಬೆಳಿಗ್ಗೆ ರಾಯರು ಮಾಸ್ಕಿನ ಒಳಗಿಂದಲೇ ಸುದ್ದಿ ಕೊಟ್ಟರು: ಕೊರೊನಾದ ದೆಸೆಯಿಂದ ರಿಯಾಯಿತಿಯ ಗಡುವನ್ನು ಮುಂದಕ್ಕೆ ಹಾಕಿದ್ದಾರೆ.

ನನ್ನ ಭಾವಮೈದನದು ಇದಕ್ಕೆ ತದ್ವಿರುದ್ಧ ಜಾತಕ. ಬೆಂಗಳೂರಿನಲ್ಲಿ ಮನೆ, ಕಟ್ಟಿದಾಗಿನಿಂದ ಕಂದಾಯದ ಕಡೆ ತಲೆಹಾಕಿ ಮಲಗಿದವನಲ್ಲ. ನೋಟಿಸು ಬಂದರೆ ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ. 2024ರಲ್ಲಿ ಅಲ್ಲಿ ಬಾಕಿದಾರರಿಗೆಂದು ಒಂದೇ ಸಲಕ್ಕೆ ತೀರಿಸುವ ಯೋಜನೆ ಬಂತು. ಬಡ್ಡಿ ಮನ್ನಾ, ದಂಡದಲ್ಲೂ ಇಳಿಕೆ. ಗಡುವು ಮುಗಿಯಿತು, ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಗಿ ನವೆಂಬರ್ 30ಕ್ಕೆ ನಿಂತಿತು. ಅವನು 29ಕ್ಕೆ ಕಟ್ಟಿದ. ಕಟ್ಟಿ ನನಗೆ ಫೋನ್ ಮಾಡಿ, ‘ಭಾವ, ಎಷ್ಟು ಉಳೀತು ಗೊತ್ತಾ?’ ಎಂದ. ಅವನು ಹೇಳಿದ ಮೊತ್ತ ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷ ನಾನು ಏಪ್ರಿಲ್‌ನಲ್ಲಿ ಕಟ್ಟಿ ಗಳಿಸಿದ ಶೇ 5ಗಳನ್ನೆಲ್ಲ ಒಟ್ಟು ಹಾಕಿದರೂ ಅದರ ಮೊಣಕಾಲಿಗೆ ಬರುವುದಿಲ್ಲ. ನನ್ನಾಕೆಗೆ ಅಂದು ತವರಿನ ಬಗ್ಗೆ ಬಹಳ ಅಭಿಮಾನ ಬಂದಿತ್ತು, ಹೋಳಿಗೆ ಮಾಡಿದಳು.

ಈಚೆಗೆ ಇ-ಖಾತೆ ಮಾಡಿಸಬೇಕೆಂದು ತಂತಿಯ ರಸೀದಿಗಳನ್ನೆಲ್ಲ ಇಳಿಸಬೇಕಾಯಿತು. ಈ ವರ್ಷದ್ದೊಂದೇ ಸಾಕು ಎಂದು ಬೋರ್ಡಿನಲ್ಲಿ ಬರೆದಿದ್ದರು. ಹಾಗೆ ಬರೆದಿರುವಾಗ ಹಳೆಯದನ್ನೂ ತೆಗೆದುಕೊಂಡು ಹೋಗಬೇಕು ಎಂಬುದು ನನ್ನ ಅನುಭವ. ಕ್ರಯಪತ್ರ, ಆಧಾರ್, ಮನೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ, ಜೊತೆಗೆ ತಂತಿಯ ಮೇಲ್ಭಾಗದ ಹತ್ತು ಹದಿನೈದು ರಸೀದಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋದೆ. ಕಿಟಕಿಯಲ್ಲಿ ಹೊಸ ಹುಡುಗಿ. ನಿರೀಕ್ಷಿಸಿದ ಹಾಗೆ, ಹಳೇದೂ ಇದ್ರೆ ಕೊಡಿ ಅಂಕಲ್ ಎಂದಳು. ಒಂದೊಂದನ್ನೇ ಬಿಡಿಸಿ, ಯಂತ್ರದ ಗಾಜಿನ ಮೇಲೆ ಮಗುಚಿ ಹಾಕಿ, ಮುಚ್ಚಳ ಮುಚ್ಚಿ, ತೆರೆದು ಹೋಗುತ್ತಿದ್ದವಳು 2017ಕ್ಕೆ ಬಂದಾಗ ತಡೆದಳು. ರಸೀದಿಯ ಹಿಂದೆ ಮಾಸಿದ ಗುಲಾಬಿ ಬಣ್ಣದ ಐದು ಚೀಟಿಗಳು ಪಿನ್ನಿನಲ್ಲಿ ಸೇರಿಕೊಂಡಿದ್ದವು. ಬಾಲ್ಕನಿ, 150 ರೂಪಾಯಿ, ಬೆಳಗಿನ ಆಟ. ನಾನು ಚುಚ್ಚಿದ್ದಲ್ಲ. ಆ ಪಿನ್ನು ನಮ್ಮ ಮನೆಯಲ್ಲಿ ಸೀರೆಯ ನೆರಿಗೆಗೆ ಹಾಕುವಂಥದ್ದು.

‘ಇದೇನು ಅಂಕಲ್, ಇದೂ ಕಂದಾಯದ್ದೇನಾ?’ ಎಂದಳು.

‘ಹೂಂ ಕಣಮ್ಮ, ಅದೂ ಆ ವರ್ಷದ್ದೇ’ ಎಂದೆ.

ಅವಳು ಹಿಂದೆ ಮುಂದೆ ನೋಡಲಿಲ್ಲ. ಐದನ್ನೂ ಸಾಲಾಗಿ ಗಾಜಿನ ಮೇಲೆ ಜೋಡಿಸಿ, ಸ್ಕ್ಯಾನ್ ಮಾಡಿ, ಮುಂದಿನ ರಸೀದಿಗೆ ಕೈ ಚಾಚಿದಳು.